ಎಣ್ಣೆ ಹಚ್ಚದ ಮರ

ಬಾಡ ಎಂಬ ಊರಿನ ದುರ್ಗಿಯ ಕೈ ಯಾವಾಗಲೂ ಮೀನೆಣ್ಣೆ ನಾರುತ್ತಿತ್ತು. ಮಳೆಗಾಲಕ್ಕೆ ಮುಂಚೆ ದೋಣಿಗಳನ್ನು ಮರಳಿನ ಏರು ಹತ್ತಿಸಿ ಮೇಲಿಡುವಾಗ, ಅವುಗಳ ಅಡಿಗೆ ಹಾಸುವ ಅಡ್ಡಮರಗಳಿಗೆ ಎಣ್ಣೆ ಸವರುವುದು ಹೆಂಗಸರ ಕೆಲಸ. ನೀರಿನಲ್ಲಿ ಹೂವಿನಂತಿರುವ ದೋಣಿ ಮರಳಿಗೆ ಬಂದರೆ ಹೆಣಭಾರ. ಎಣ್ಣೆಯಿಲ್ಲದೆ ಗೇಣೂ ಸರಿಯದು. ಹಾಗಂತ ಎಲ್ಲಕ್ಕೂ ಸುರಿಯುವಂತಿಲ್ಲ. ನಡುನಡುವೆ ಒಂದೊಂದು ಮರವನ್ನು ಒಣದಾಗಿಯೇ ಬಿಡಬೇಕು. ದೋಣಿಯ ತಳ ಅದನ್ನು ಕಚ್ಚಿ ನಿಂತಾಗಲೇ ತಳ್ಳುವವರು ಉಸಿರು ಬಿಡುವುದು. ಎಣ್ಣೆ ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎನ್ನುವ ಜಾಣರು ಬಂದು ಒಮ್ಮೆ ಹಿಂದಿನಿಂದ ಹೆಗಲು ಕೊಟ್ಟು ನೋಡಲಿ.

ಯುದ್ಧದ ಕಾಲ. ಗಂಡಾಳುಗಳಲ್ಲಿ ಅರ್ಧ ಜನ ಮುಂಬಯಿ ಬಂದರಿನ ಕೂಲಿಗೆ ಹೋಗಿದ್ದರು. ನಲವತ್ಮೂರರ ಮೇ ಕೊನೆಗೆ ಪಡುವಣ ಕಪ್ಪಿಟ್ಟಿತು. ದೋಣಿಯವರ ಮುಖ್ಯಸ್ಥ, ತಾಂಡೇಲ ನಾಗಪತಿಯ ದೋಣಿ ತಳ್ಳಲು ಜನ ಸಾಲದು. ದುರ್ಗಿಯ ಗಂಡ ದಾಸ ಹಿಂತುದಿಗೆ ಹೆಗಲು ಕೊಟ್ಟು ಏದುಸಿರು ಬಿಡುತ್ತಿದ್ದ. ಅವನ ಪಾಡು ನೋಡಲಾರದೆ ದುರ್ಗಿ ಒಣದಾಗಿ ಬಿಡಬೇಕಾದ ಮರಗಳಿಗೂ ಎಣ್ಣೆ ಸವರಿಬಿಟ್ಟಳು. ಗಂಡನಿಗೆ ಹಗುರಾಗಲಿ ಎಂದಷ್ಟೇ, ಪಾಪ.

ದೋಣಿ ಸರಸರನೆ ಏರಿತು. ಅರ್ಧ ಏರಿನಲ್ಲಿ ಎಲ್ಲರೂ ಅಭ್ಯಾಸದಂತೆ ಕೈ ಸಡಿಲಿಸಿದರು. ಅದು ನಿಲ್ಲಲಿಲ್ಲ. ಹಿಂದಕ್ಕೆ ಜಾರಿ, ದಾಸನನ್ನು ಕೆಡವಿ, ಅವನ ಕಾಲ ಮೇಲೆ ಕೂತುಬಿಟ್ಟಿತು.

ಅವನನ್ನು ಬಿಡಿಸಬೇಕೆಂದರೆ ದೋಣಿಯನ್ನು ಮತ್ತೆ ಮೇಲಕ್ಕೆ ತಳ್ಳಬೇಕು. ಮುಂದಿನ ಮರದ ಎಣ್ಣೆ ದೋಣಿ ಜಾರುವಾಗ ಉಜ್ಜಿಹೋಗಿತ್ತು, ಮತ್ತೆ ಹಾಕದಿದ್ದರೆ ಅದು ಅಲುಗದು. ಹಾಕಿ, ತಳ್ಳುವವರ ಕೈ ಸೋತರೆ, ಈ ಸಲ ಬರುವುದು ಅವನ ಎದೆಯ ಮೇಲೆ. ನಾಗಪತಿ ಎಣ್ಣೆ ಕೇಳಿದ. ದುರ್ಗಿಯ ಕೈ ಏಳಲಿಲ್ಲ.

ಆಗ ದಾಸನೇ ಹೇಳಿದ: "ಹಾಕೇ ದುರ್ಗಿ. ನೀ ಹಾಕ್ದೆ ಇದ್ರೆ ನಾ ಇಲ್ಲೇ ಸಾಯೂದು."

ಅಳುತ್ತಲೇ ಅವಳು ಮುಂದಿನ ಮರಕ್ಕೆ ಎಣ್ಣೆ ಬಳಿದಳು. ಅದರಾಚೆಯದನ್ನು ಸೆರಗಿನಿಂದ ಒರೆಸಿ, ಒಣಮರಳು ಹಾಕಿ ತಿಕ್ಕಿದಳು. ದೋಣಿ ಸರಿದು ಆ ಮರವನ್ನು ಕಚ್ಚಿ ನಿಂತಿತು. ದಾಸನನ್ನು ಎಳೆದುಕೊಂಡರು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ.

ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮುಂದಿನ ವರ್ಷ ಅವಳು ಮರಗಳಿಗೆ ಎಣ್ಣೆ ಸವರಿ ಮುಗಿಸಿ, ಎಣ್ಣೆಯ ತೆಂಗಿನ ಗೆರಟೆ ಕೆಳಗಿಟ್ಟು, ದಾಸ ನಿಲ್ಲುತ್ತಿದ್ದ ಜಾಗಕ್ಕೇ ಹೋಗಿ ಹೆಗಲು ಕೊಟ್ಟಳು. ಹೆಂಗಸರು ಅಲ್ಲಿ ನಿಲ್ಲುವ ಪದ್ಧತಿಯೇ ಇರಲಿಲ್ಲ. ನಾಗಪತಿ ಬೇಡವೆಂದ.

"ಎಣ್ಣೆ ಹಾಕ್ದವ್ಳು ನಾನು, ತಾಂಡೇಲ್ರೆ," ಎಂದಳು ದುರ್ಗಿ. "ಜಾರ್ದ್ರೆ ನನ್ ಮೇಲೇ ಜಾರ್ಲಿ."

ಕೈಲಾಗುವವರೆಗೂ ಅವಳು ಆ ಜಾಗ ಬಿಡಲಿಲ್ಲ. ದೋಣಿ ಮೇಲೆ ಹೋಗಿ ನಿಲ್ಲುವ ತನಕ ದಾಸ ಕೋಲೂರಿಕೊಂಡು, ಬೆನ್ನು ತಿರುಗಿಸಿ ನಿಂತಿರುತ್ತಿದ್ದ.