ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವುದಿಲ್ಲ

ಅಂಗೈಯಲ್ಲಿ ಹಿಡಿಸುವ ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೆತ್ತಿದ ಹೆಸರು: ಸುಧಾ. ತಿಕ್ಕಿ ತಿಕ್ಕಿ ಕೊನೆಯ ಚುಕ್ಕೆಗಳು ಸವೆದಿವೆ.

ಸುಧಾ ನನ್ನ ಅಮ್ಮ. ಡಬ್ಬಿ ಇದ್ದದ್ದು ಚಿಂಚೋಳಿಯಲ್ಲಿ, ಮಹಾದೇವಿ ಮೌಶಿಯ ಅಡುಗೆಮನೆಯಲ್ಲಿ. (ಮೌಶಿ ಎಂದರೆ ಚಿಕ್ಕಮ್ಮ. ತಾಯಿಯ ಗೆಳತಿಯೂ ನಮಗೆ ಮೌಶಿಯೇ.) ಆ ಡಬ್ಬಿ ಅಲ್ಲಿರುವುದು ನನಗೆ ಗೊತ್ತೇ ಇರಲಿಲ್ಲ. ನಾನು ಹೋಗಿದ್ದು ಒಂದು ಚಮಚ ಹೆಪ್ಪಿಗೆ.

ಹೆಪ್ಪಿಗಾಗಿ ಯಾರಾದರೂ ವಾಡಿಯಿಂದ ಅಷ್ಟು ದೂರದ ಚಿಂಚೋಳಿಗೆ ಹೋಗುತ್ತಾರೆಯೇ?

ಕಳೆದ ತಿಂಗಳು ಜ್ವರ ಬಂತು. ಆಂಟಿಬಯಾಟಿಕ್ ಕೋರ್ಸ್ ಮುಗಿಸಿದೆ. ಜ್ವರ ಹೋಯಿತು, ಹೊಟ್ಟೆ ಕೆಟ್ಟಿತು. ಅದು ಸರಿಹೋಗುವಷ್ಟರಲ್ಲಿ ಮತ್ತೆ ನೆಗಡಿ, ಮತ್ತೆ ಗಂಟಲು. ವಾಡಿಯ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ. ಎದುರು ಮನೆಯವರೊಂದಿಗೆ ಮುಗುಳ್ನಗೆಯಷ್ಟೇ ಪರಿಚಯ, ಹೆಸರೂ ಕೇಳಿಲ್ಲ. (ಈ ಅಂಕಣ ಓದುವವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು.)

ಡಾಕ್ಟರು ಪ್ರೊಬಯಾಟಿಕ್ ಕ್ಯಾಪ್ಸೂಲ್ ಬರೆದುಕೊಟ್ಟರು. ಯಾಕೆ ಎಂದು ಕೇಳಿದೆ.

"ಕಳ್ಳನ್ನ ಹಿಡೀಲಿಕ್ಕೆ ಬಂದ ಪೊಲೀಸರು ಇಡೀ ಓಣಿನೇ ಖಾಲಿ ಮಾಡಿಸಿದಂಗ ಆಗ್ಯದರಿ ಮೇಡಂ. ನಿಮ್ಮ ಕರುಳಿನಾಗ ಒಳ್ಳೆ ಬ್ಯಾಕ್ಟೀರಿಯಾನೂ ಇದ್ದವು. ಅವೂ ಓಡಿಹೋಗ್ಯಾವ."

"ಅದಕ್ಕೂ ನೆಗಡಿಗೂ ಏನು ಸಂಬಂಧರಿ?"

"ಭಾಳ ಅದ. ರೋಗ ತಡೆಯೋ ಮೈಯಾಗಿನ ಕಾವಲುಗಾರರ ದೊಡ್ಡ ಪಾಲು ಕರುಳಿನ ಗೋಡೆಗೇ ಹತ್ತಿ ಕುಂತದ. ಯಾರು ನಮ್ಮವ್ರು, ಯಾರು ಹೊರಗಿನವ್ರು ಅಂತ ಅವು ಕಲಿಯೋದು ಈ ಓಣಿ ಮಂದೀನ ನೋಡೇ."

ಮನೆಯ ಮೊಸರು ನಡೆಯುತ್ತದೆಯೇ ಎಂದೆ. ನಕ್ಕರು.

"ನಡೀತದ, ತಿನ್ರಿ. ಪವಾಡ ಆಗ್ತದಂತ ಮಾತ್ರ ತಿಳೀಬ್ಯಾಡ್ರಿ. ಮೊಸರಿನ ಬ್ಯಾಕ್ಟೀರಿಯಾ ಬೀಗರಿದ್ದಂಗ. ಬರ್ತಾವ, ನಾಕು ಒಳ್ಳೆ ಮಾತಾಡ್ತಾವ, ಹೋಗ್ತಾವ. ಖಾಯಂ ಸಂಸಾರ ಹೂಡೋದು ತಾಯಿ ಕಡೆಯಿಂದ ಬಂದದ್ದು. ಹುಟ್ಟುವಾಗ, ಹಾಲು ಕುಡಿಯುವಾಗ."

ಅವರಿಗೆ ಅದು ದಿನಾ ಹೇಳುವ ಮಾತು. ನನಗೆ ಅಲ್ಲ.

ಅಮ್ಮ ಹೋಗಿ ವರ್ಷವಾಯಿತು. ನಮ್ಮಲ್ಲಿ ಸೂತಕ ಬಂದರೆ ಮನೆಯಲ್ಲಿ ಬೇಯಿಸಿಟ್ಟದ್ದು, ಹೆಪ್ಪು ಹಾಕಿದ್ದು ಎಲ್ಲವನ್ನೂ ಹೊರಗೆ ಚೆಲ್ಲುತ್ತಾರೆ. ಸೇಡಂನಿಂದ ಬಂದ ಅತ್ತೆ ಸೆರಗು ಸಿಕ್ಕಿಸಿ ಅಡುಗೆಮನೆ ತೊಳೆದರು. ಹಿಂದಿನ ರಾತ್ರಿ ಅಮ್ಮ ಹೆಪ್ಪು ಹಾಕಿದ್ದ ಮೊಸರು ಮೋರಿಗೆ ಹೋಯಿತು. ಯಾರಿಗೂ ಏನೂ ಅನ್ನಿಸಲಿಲ್ಲ. ಅವತ್ತು ಮೊಸರಿನ ಬಗ್ಗೆ ಯೋಚಿಸುವ ಸ್ಥಿತಿಯಲ್ಲಿ ಯಾರಿದ್ದರು? ಹದಿಮೂರನೆಯ ದಿನದ ಮೇಲೆ ಪ್ಯಾಕೆಟ್ ಮೊಸರು ಬಂತು. ಅದರಲ್ಲಿ ತಪ್ಪೇನೂ ಇಲ್ಲ. ಗಟ್ಟಿಯಾಗಿರುತ್ತದೆ, ಬೆಳ್ಳಗಿರುತ್ತದೆ, ಪ್ರತಿ ಸಲವೂ ಅದೇ ರುಚಿ. ಅಮ್ಮನ ಮೊಸರು ಹಾಗಿರಲಿಲ್ಲ. ಬೇಸಿಗೆಯಲ್ಲಿ ಹಲ್ಲು ಚುಳ್ ಎನ್ನುವಷ್ಟು ಹುಳಿ, ಚಳಿಗಾಲದಲ್ಲಿ ಹಾಲಿನ ಸಿಹಿ ಬಿಡದ ಹುಳಿ.

ಆಗ ನೆನಪಾದವರು ಮಹಾದೇವಿ ಮೌಶಿ. ಶಹಾಬಾದಿನಲ್ಲಿ ನಮ್ಮ ಬಾಜೂ ಮನೆಯವರು. ಒಬ್ಬರ ಹೆಪ್ಪು ಕೆಟ್ಟರೆ ಇನ್ನೊಬ್ಬರ ಮನೆಯಿಂದ. ಅವರ ಯಜಮಾನರು ಮಾಸ್ತರಿಕೆಯಿಂದ ನಿವೃತ್ತರಾಗಿ ತಮ್ಮೂರು ಚಿಂಚೋಳಿಗೆ ಹೊರಟಾಗ ಅಮ್ಮ ಅಲ್ಲಿಯ ಮನೆಗೆಂದು ಹೆಪ್ಪು ಕಟ್ಟಿಕೊಟ್ಟಿದ್ದಳು.

ಫೋನ್ ಮಾಡದೆಯೇ ಹೊರಟೆ. ಫೋನಿನಲ್ಲಿ "ಎಲ್ಲೈತವಾ ಅದು, ಎಂದೋ ಹೋತು" ಎಂದುಬಿಟ್ಟರೆ? ಬಸ್ಸು ಚಿತ್ತಾಪುರ ದಾಟಿತು, ಮಳಖೇಡದಲ್ಲಿ ಕಾಗಿಣಾ ಹೊಳೆ ದಾಟಿತು. ಸೇಡಂನಲ್ಲಿ ಚಿಂಚೋಳಿಯ ಬಸ್ಸು ತಡವಾಯಿತು. ಮೌಶಿಯ ಬಾಗಿಲಿಗೆ ಬಂದಾಗ ಅವರು ಆಗಷ್ಟೇ ದೇವರ ಮುಂದೆ ದೀಪ ಹಚ್ಚಿ ಏಳುತ್ತಿದ್ದರು.

"ಸುಧಾಬಾಯಿ ಮಗಳೇನ ನೀ? ಅಯ್ಯ, ಎಷ್ಟ್ ಸೊರಗೀಯವಾ! ಕುಂದ್ರು ಮೊದಲ."

ನೀರು ಕುಡಿದು, ಸಂಕೋಚದಿಂದ ವಿಷಯ ಹೇಳಿದೆ. ಮೌಶಿ ಆಗದೆಂದು ಕೈ ಅಲ್ಲಾಡಿಸಿಬಿಟ್ಟರು.

"ದೀಪ ಹಚ್ಚಿದ ಮ್ಯಾಲ ಹೆಪ್ಪ ಕೊಡಂಗಿಲ್ಲ. ಮುಂಜಾನಿ ಒಯ್ಯಿ."

"ಮೌಶಿ, ನಾಳೆ ಕಾಲೇಜಿನಾಗ ಪಾಠ ಅದ ನಂದು..."

"ಇರಲಿ. ಬ್ಯಾಕ್ಟೀರಿಯಾಕ್ಕ ದೀಪ ಕಾಣ್ತದೇನು ಅಂತ ಕೇಳ್ತಿ, ಗೊತ್ತದ ನನಗ. ಭಾಳ ಓದಿದಾಕಿ ನೀ. ಕೇಳಬ್ಯಾಡ. ನಿಮ್ಮವ್ವನೂ ಒಂದಿನಾನೂ ಕತ್ತಲಾದ ಮ್ಯಾಲ ಕೊಟ್ಟಿಲ್ಲ. ನಾ ಎಷ್ಟ್ ಬೈದೀನಿ ಆಕಿಗಿ!"

ಹೀಗಾಗಿ ಉಳಿದೆ. ರಜೆಗೆ ಮೆಸೇಜ್ ಕಳಿಸಿದೆ. ಜೋಳದ ರೊಟ್ಟಿ, ಪುಂಡಿಪಲ್ಲೆ, ಕೊನೆಗೆ ಒಂದು ಬಟ್ಟಲು ಮೊಸರು. (ತಿನ್ನಲು ಕೊಡಬಹುದು, ಹೆಪ್ಪಿಗೆ ಕೊಡಬಾರದು. ಕಾನೂನು ಸೂಕ್ಷ್ಮವಾಗಿದೆ.)

ಬಾಯಿಗಿಟ್ಟೆ. ಅಮ್ಮನದೇ? ಹೋಲಿಸಲು ನನ್ನ ಬಳಿ ಇದ್ದದ್ದು ನಾಲಿಗೆಯ ನೆನಪು ಮಾತ್ರ. ನೆನಪು ಹುಳಿಯನ್ನು ಕಡಿಮೆ ಮಾಡುತ್ತದೆಯೋ, ಹೆಚ್ಚು ಮಾಡುತ್ತದೆಯೋ?

"ಮೌಶಿ, ಇದು ಅಮ್ಮ ಕೊಟ್ಟದ್ದೇ ಏನು?"

ಅವರು ತಟ್ಟೆ ಎತ್ತುತ್ತಿದ್ದರು.

"ಸುಳ್ಳ ಯಾಕ ಹೇಳ್ಲಿ? ಮಗಳ ಬಾಣಂತನಕ್ಕ ಹೋದಾಗ ನನ್ನ ಹೆಪ್ಪ ಕೆಟ್ಟಿತ್ತು."

ನಾನು ಬಟ್ಟಲು ಕೆಳಗಿಟ್ಟೆ.

"ಪೂರಾ ಕೇಳು. ಬಾಜೂ ಮನಿಯಿಂದ ಇಸಗೊಂಡೆ. ಆಕಿಗಿ ಮೊದಲ ಹೆಪ್ಪ ಕೊಟ್ಟಾಕಿ ನಾನೇ. ನಿಮ್ಮವ್ವಂದೇ. ನನ್ನ ಕಡೆ ಅಷ್ಟೇ ಇದ್ದಿದ್ರ ಅವತ್ತೇ ಹೋಗ್ತಿತ್ತು."

ನಿಜ ಹೇಳಬೇಕೆಂದರೆ, ಇಷ್ಟು ವರ್ಷ, ಇಷ್ಟು ಮನೆಯ ಹಾಲು ಕಂಡ ಮೇಲೆ ಅದರಲ್ಲಿ ಅಮ್ಮನ ಬ್ಯಾಕ್ಟೀರಿಯಾ ಎಷ್ಟು ಉಳಿದಿದೆಯೋ ಯಾರೂ ಹೇಳಲಾರರು. ಡಾಕ್ಟರು ಹೇಳಿದ ಇನ್ನೊಂದು ಸಂಸಾರ, ಅಮ್ಮನಿಂದಲೇ ಬಂದದ್ದು, ಔಷಧಿಯ ದಾಳಿಯ ನಂತರ ನನ್ನೊಳಗೆ ಎಷ್ಟು ಉಳಿದಿದೆಯೋ ಅದೂ ಗೊತ್ತಿಲ್ಲ. ಆದರೂ ಬಟ್ಟಲನ್ನು ಮತ್ತೆ ಎತ್ತಿಕೊಂಡೆ. ಬೆರಳಿನಿಂದ ಬಳಿದು ತಿಂದೆ. ಬಹಳ ದಿನಗಳ ಮೇಲೆ.

ಬೆಳಿಗ್ಗೆ ಮೌಶಿ ಹೆಪ್ಪು ತುಂಬಿ ಕೈಗಿಟ್ಟದ್ದು ಆ ಡಬ್ಬಿಯನ್ನು.

"ನಿಮ್ಮವ್ವಂದೇ. ಬರಿ ಡಬ್ಬಿ ಹೆಂಗ ವಾಪಸ್ ಕೊಡೋದು? ಏನರೆ ಹಾಕಿ ಕೊಡಬೇಕಂತ ಇಟ್ಟಿದ್ದೆ. ಆಕಿ ನನಗ ಟೈಮೇ ಕೊಡಲಿಲ್ಲ."

ಬಸ್ಸಿನಲ್ಲಿ ಡಬ್ಬಿಯನ್ನು ಬ್ಯಾಗಿಗೆ ಹಾಕಲಿಲ್ಲ. ಸಂಜೆ ವಾಡಿಯಲ್ಲಿ ಹಾಲು ಕಾಯಿಸಿ, ಕಿರುಬೆರಳು ತಾಳುವಷ್ಟು ಆರಿಸಿ ಹೆಪ್ಪು ಹಾಕಿದೆ. (ಕ್ಯಾಪ್ಸೂಲ್ ಬಿಟ್ಟಿಲ್ಲ. ನೀವೂ ಮೊಸರನ್ನು ನಂಬಿ ಡಾಕ್ಟರ ಮಾತು ಬಿಡಬೇಡಿ.)

ಮರುದಿನ ಬೆಳಿಗ್ಗೆ ಪಾತ್ರೆಯನ್ನು ವಾಲಿಸಿ ನೋಡಿದೆ, ಅಲುಗಲಿಲ್ಲ. ನಾನು ರುಚಿ ನೋಡುವ ಮೊದಲೇ ಅಮ್ಮನ ಡಬ್ಬಿಗೆ ಎರಡು ಚಮಚ ಹಾಕಿಕೊಂಡು ಎದುರು ಮನೆಯ ಬಾಗಿಲು ತಟ್ಟಿದೆ, ಹೆಸರು ಕೇಳಿದೆ, ಡಬ್ಬಿ ವಾಪಸ್ ಕೊಡ್ಲಿಕ್ಕೆ ಅವಸರ ಇಲ್ಲರಿ ಎಂದೆ.