ಮೇಷ್ಟ್ರ ಮನೆಯ ಮೂಕ ಸ್ಪೀಕರ್

ಗೆಳೆಯರೇ, ಇವತ್ತು ಜಯನಗರದ ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ಸ್ಪೀಕರ್ ರಿಪೇರಿ ಮಾಡಿದೆ. ಸ್ವಾತಂತ್ರ್ಯ ಬಂದ ವರ್ಷ ಇಂಗ್ಲೆಂಡಿಗೆ ವಾಪಸ್ ಹೊರಟ ದೊರೆಯೊಬ್ಬನಿಂದ ಅವರ ಅಪ್ಪ ಕೊಂಡ ಹಳೆಯ ಜೋಡಿ ಅದು. ಒಂದು ಹಾಡುತ್ತದೆ. ಇನ್ನೊಂದು ಹತ್ತು ವರ್ಷದಿಂದ ಮೂಕ.

"ಥಂಡಿಗೆ ಕೆಟ್ಟೋಯ್ತು ಕಣಪ್ಪಾ" ಎಂದರು ಮೇಷ್ಟ್ರು.

ಹಿಂಬದಿಯ ಹಲಗೆ ಬಿಚ್ಚಿದೆ. ಇಲಿ ಕಡಿದಿದ್ದ, ದನಿ ಹೊರಡಿಸುವ ಕಾಗದದ ಪದರಕ್ಕೆ ಮೈದಾ ಅಂಟು ಹಚ್ಚಿ ತೇಪೆ ಹಾಕಿದೆ. ಆಮೇಲೆ ನೋಡಿದರೆ ಒಳಗಿನ ತಂತಿ ನೀಟಾಗಿ ಎರಡು ತುಂಡಾಗಿತ್ತು.

"ಸಾರ್, ಇದು ಕೆಟ್ಟಿಲ್ಲ. ಯಾರೋ ಕತ್ತರೀಲಿ ಕತ್ತರ್ಸಿದ್ದಾರೆ."

ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು. "ನಾನೇ. ಬೆಳಗಾಗೆದ್ರೆ ಎರಡೂ ಕೂಗ್ತಿದ್ವು. ಒಂದು ಸಾಕು ಅನ್ನಿಸ್ತು."

ನಾನು ತಂತಿಗೆ ಬೆಸುಗೆ ಹಾಕಿ ಮುಗಿಸುವಷ್ಟರಲ್ಲಿ ಮೇಷ್ಟ್ರು ಸ್ಟೂಲ್ ಹತ್ತಿ, ಅದೇ ಹತ್ತು ವರ್ಷದಿಂದ ಗಂಟೆ ಹೊಡೆಯದ ಗೋಡೆ ಗಡಿಯಾರವನ್ನು ಇಳಿಸಿ ನನ್ನ ಮುಂದಿಟ್ಟರು.

"ಇದನ್ನೂ ಒಂಚೂರು ಬಿಚ್ಚಿ ನೋಡಪ್ಪಾ."