ಆರು ಇಂಚಿನ ಕಪಾಟು

ನನ್ನ ಅತ್ತಿಗೆ ಥರ್ಜಾ ಎತ್ತರದ ಹೆಂಗಸು. ಬರಿಗಾಲಲ್ಲಿ ನಿಂತರೂ ಐದು ಅಡಿ ಹನ್ನೊಂದು ಇಂಚು. ನನ್ನ ಅಣ್ಣ ಹೆಡ್ಲಿ ಅವಳ ಭುಜಕ್ಕಿಂತ ತುಸು ಮೇಲೆ ಬರುತ್ತಿದ್ದ. ಮದುವೆಯ ಫೋಟೋದಲ್ಲಿ ಮಾತ್ರ ಇಬ್ಬರೂ ಸರಿಸಮ ಕಾಣುತ್ತಾರೆ. ಉದ್ದನೆಯ ಬಿಳಿ ಲಂಗದೊಳಗೆ ಅವಳು ಮಂಡಿ ಬಗ್ಗಿಸಿ ನಿಂತಿದ್ದಳು ಎನ್ನುವುದು ಅವಳನ್ನೂ ನನ್ನನ್ನೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಒಂಬತ್ತು ಮಕ್ಕಳ ಮನೆಯಲ್ಲಿ ಹುಟ್ಟಿ, ಹದಿಮೂರಕ್ಕೇ ಅಪ್ಪನಷ್ಟು ಬೆಳೆದು, ನಮ್ಮ ರೇವುಪಟ್ಟಣ ಪೆನ್ರಿನ್ನಿನ ಬೀದಿಯ ಪೋಕರಿಗಳಿಂದ “ಮೇಲ್ಗಡೆ ಚಳಿ ಹೆಂಗಿದೆ?” ಎಂದು ಕೇಳಿಸಿಕೊಂಡು ಕೇಳಿಸಿಕೊಂಡು, ಬಾಗಿಲಿಲ್ಲದ ಕಡೆಯಲ್ಲೂ ತಲೆ ತಗ್ಗಿಸಿ ನಡೆಯುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು.

ಅವಳು ನೆಟ್ಟಗೆ ನಿಲ್ಲುತ್ತಿದ್ದದ್ದು ಒಂದೇ ಕಡೆ, ಹಾಯಿದೋಣಿಯ ಹಿಂಬದಿಯಲ್ಲಿ, ಚುಕ್ಕಾಣಿ ಕೈಯಲ್ಲಿದ್ದಾಗ. ಗಾಳಿ ಎಷ್ಟೇ ಇರಲಿ, ತಲೆ ಎತ್ತಿ ಹಾಯಿಯನ್ನೇ ನೋಡುತ್ತಿದ್ದಳು. ಸಮುದ್ರಕ್ಕೆ ಹೋಗುವುದೆಂದರೆ ಹೆಡ್ಲಿಗೆ ಹವ್ಯಾಸ, ಅವಳಿಗೆ ಅದೇ ಬದುಕು. ಇದನ್ನು ತಿಳಿದೂ ನಾನು ಮಾಡಿದ್ದನ್ನು ಈಗ ಹೇಳುತ್ತಿದ್ದೇನೆ.

ಹೆಡ್ಲಿ ಬಡಗಿ. ಬೇರೆಯವರ ದೋಣಿಗಳ ಒಳಗನ್ನು ಜೋಡಿಸಿಕೊಡುವುದು ಅವನ ಕಸುಬು. ಅಂಗೈ ಅಗಲದ ಸಂದು ಕೊಟ್ಟರೆ ಅದರಲ್ಲೊಂದು ಕಪಾಟು ಮಾಡುತ್ತಿದ್ದ. ತನಗೆಂದು ಒಂದು ಹಳೆಯ ಇಪ್ಪತ್ತಮೂರು ಅಡಿಯ ದೋಣಿ ಕೊಂಡುಕೊಂಡು ಅದಕ್ಕೆ ‘ಪೆಟ್ರೆಲ್’ ಎಂದು ಒಂದು ಕಡಲಹಕ್ಕಿಯ ಹೆಸರಿಟ್ಟ ಮೇಲಂತೂ ಅವನನ್ನು ಹಿಡಿಯುವವರೇ ಇರಲಿಲ್ಲ. ಇಳಿಯುವ ಮೆಟ್ಟಿಲಿನ ಪ್ರತಿ ಹಲಗೆ ಎತ್ತಿದರೂ ಕೆಳಗೊಂದು ಪೆಟ್ಟಿಗೆ. ಊಟದ ಮೇಜು ಇಂಜಿನ್ನಿನ ಮುಚ್ಚಳದಿಂದಲೇ ಬಿಚ್ಚಿಕೊಳ್ಳುತ್ತಿತ್ತು. ಈರುಳ್ಳಿ ತಲೆಯ ಮೇಲಿನ ಬಲೆಯಲ್ಲಿ, ಆಲೂಗಡ್ಡೆ ಹಾಸಿಗೆಯ ಅಡಿಯಲ್ಲಿ. ಡಬ್ಬಿಗಳ ಕಾಗದ ನೆನೆದು ದೋಣಿಯ ನೀರು ಹೊರಹಾಕುವ ಪಂಪಿಗೆ ಸಿಕ್ಕಿಕೊಳ್ಳುತ್ತದೆಂದು ಎಲ್ಲ ಕಿತ್ತುಹಾಕಿ, ಡಬ್ಬಿಯ ತಲೆಯ ಮೇಲೆ ಬಣ್ಣದಲ್ಲಿ ಬಟಾಣಿ, ಮೀನು ಎಂದು ಬರೆದಿಟ್ಟಿದ್ದ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಗರಗಸ ಹಾಕಿದ್ದ, ಪುಣ್ಯಾತ್ಮ. ಒಂದು ಸಾಮಾನು ಒಳಗೆ ಬಂದರೆ ಇನ್ನೊಂದು ದಡಕ್ಕೆ ಹೋಗಬೇಕು ಎನ್ನುವುದು ಅವನ ಕಾನೂನು. ಹಾಗೆ ಒಂದು ಬಾಣಲೆಗಾಗಿ ಥರ್ಜಾಳ ಎರಡನೆಯ ಸ್ವೆಟರ್ ದಡ ಸೇರಿತು.

1971ರ ಚಳಿಗಾಲದಲ್ಲಿ, ಬರ್ತ್‌ಗಳನ್ನು ಮಾಡುವ ಮೊದಲು, ಅವನು ಅಡುಗೆಮನೆಯ ನೆಲದ ಮೇಲೆ ಅವಳನ್ನು ಮಲಗಿಸಿ ಅಳತೆ ತೆಗೆದ. ಟೇಪಿನ ಈ ತುದಿಯನ್ನು ಅವಳ ನೆತ್ತಿಯ ಹತ್ತಿರ ಹಿಡಿದವಳು ನಾನೇ.

“ಐದು ಅಡಿ ಐದು ಇಂಚು,” ಎಂದ ಹೆಡ್ಲಿ. “ಅಷ್ಟೇನಾ? ನಿಂತ್ರೆ ಇನ್ನೂ ಉದ್ದ ಕಾಣ್ತೀಯಲ್ಲೇ!”

“ನಾನು ಯಾವಾಗ್ಲೂ ಮುದುರ್ಕೊಂಡೇ ಮಲಗೋದು. ಅಷ್ಟು ಸಾಕು ಬಿಡು.”

ಲಂಗದ ಕೆಳಗೆ ಅವಳ ಮಂಡಿಗಳು ಮೇಲೆದ್ದಿದ್ದವು. ನನಗೆ ಕಾಣುತ್ತಿತ್ತು. ಅವಳು ನನ್ನತ್ತ ನೋಡಿ, ಸುಮ್ಮನಿರು ಎನ್ನುವಂತೆ ಕಣ್ಣು ಮಿಟುಕಿಸಿದಳು. ನಾನು ನಕ್ಕು ಸುಮ್ಮನಾದೆ.

ಕಣ್ಣಳತೆಯಲ್ಲಿ ಐದು ಅಡಿ ಹನ್ನೊಂದು ಇಂಚು ಲೆಕ್ಕ ಹಾಕಿದ್ದ ಹೆಡ್ಲಿಗೆ ಆರು ಇಂಚು ಉಳಿದ ಖುಷಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಅವಳ ಬರ್ತ್‌ನ ಕಾಲಕಡೆ ಆ ಆರು ಇಂಚಿನಲ್ಲಿ ಕೆಳಗಿನಿಂದ ಸೂರಿನವರೆಗೆ ಒಂದು ಕಪಾಟು ಎಬ್ಬಿಸಿದ. ಸುತ್ತಿಟ್ಟ ನಕಾಶೆಗಳು, ದೀಪ, ಬಾವುಟಗಳು, ಔಷಧಿ, ಒಂದು ಬಾಟಲಿ ರಮ್ ಎಲ್ಲ ಅದರೊಳಗೆ. ಬಾಗಿಲು ಮುಚ್ಚಿದರೆ ಅಲ್ಲಿ ಕಪಾಟಿದೆ ಎಂದು ಬ್ರಹ್ಮನಿಗೂ ಗೊತ್ತಾಗದು. ಅದನ್ನು ನೋಡಲು ಫಾಲ್ಮತ್‌ನಿಂದಲೂ ಜನ ಬರುತ್ತಿದ್ದರು.

ಮೊದಲ ಬೇಸಿಗೆ ಒಂದು ವಾರ ಸಿಲ್ಲಿ ದ್ವೀಪಗಳಿಗೆ ಹೋಗಿ ಬಂದರು. ಮಾರನೆಯ ದಿನ ಥರ್ಜಾ ನಾನು ಕೆಲಸ ಮಾಡುತ್ತಿದ್ದ ಬೇಕರಿಗೆ ಬಂದಳು. ಬೇಡದಿದ್ದರೂ ಒಂದು ಮಾಂಸದ ಪ್ಯಾಸ್ಟಿ ತೆಗೆದುಕೊಂಡಳು. ಗಿರಾಕಿಗಳೆಲ್ಲ ಹೋಗುವವರೆಗೆ ಕಾದಳು.

“ಹೆಸ್ಟರ್, ಆ ಬರ್ತ್ ಸಾಲ್ದು ಕಣೇ. ರಾತ್ರಿಯೆಲ್ಲ ಕಾಲು ಮಡಚಿ ಮಡಚಿ, ಬೆಳಗ್ಗೆ ಎದ್ರೆ ಮಂಡಿ ನಂದೇ ಅಲ್ಲ ಅನ್ಸುತ್ತೆ.”

“ಹೇಳು ಅವನಿಗೆ. ಬಾಯಿಲ್ವಾ ನಿಂಗೆ?”

“ಅಳತೆ ಕೊಟ್ಟಿದ್ದು ನಾನೇ ಅಲ್ವಾ? ಈಗ ಹೋಗಿ, ನಿನ್ ದೋಣಿಗೆ ನಾನು ಉದ್ದ ಜಾಸ್ತಿ ಅಂತ ಹೆಂಗೆ ಹೇಳ್ಲಿ? ಆ ಕಪಾಟು ಅಂದ್ರೆ ಜೀವ ಅವ್ನಿಗೆ.” ಪ್ಯಾಸ್ಟಿಯ ಕಾಗದವನ್ನು ಮಡಚುತ್ತಾ ತೆರೆಯುತ್ತಾ ನಿಂತಳು. “ನೀನು ತಂಗಿ. ಅವ್ನೊಬ್ನೇ ಇದ್ದಾಗ ಮೆಲ್ಲಗೆ ಒಂದ್ ಮಾತು ಹಾಕು. ಅಷ್ಟೇ.”

“ಅಯ್ಯೋ, ಅದಕ್ಯಾಕಿಷ್ಟು? ಹೇಳ್ತೀನಿ ಹೋಗು,” ಎಂದೆ.

ಹೇಳಿದೆ ಕೂಡ. ಆದರೆ ಹೇಗೆ! ಆ ಶನಿವಾರ ಸಮುದ್ರದ ಇಳಿತದ ಹೊತ್ತು, ರೇವಿನ ನೀರು ಇಳಿದಿತ್ತು. ದೋಣಿಗಳೆಲ್ಲ ಎರಡೂ ಪಕ್ಕ ಊರುಗೋಲು ಕಟ್ಟಿಕೊಂಡು ಕೆಸರಿನ ಮೇಲೆ ನಿಂತಿದ್ದವು. ಪೆಟ್ರೆಲ್‌ನ ಬಾಗಿಲಿನೊಳಗೆ ಆರೇಳು ಗಂಡಸರು ತಲೆ ತೂರಿಸಿದ್ದರು. ಹೆಡ್ಲಿ ಕಪಾಟು ತೆರೆದು ತೋರಿಸುತ್ತಿದ್ದ. ನನ್ನ ನಾಲಿಗೆಗೆ ಮೊದಲೇ ಮೂಳೆ ಇಲ್ಲ, ಸುತ್ತ ನಾಲ್ಕು ಜನ ಸೇರಿದರಂತೂ ಮುಗಿದೇಹೋಯಿತು.

“ಹೆಡ್ಲಿ, ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ,” ಎಂದೆ ಎಲ್ಲರಿಗೂ ಕೇಳುವಂತೆ. “ನಿನ್ ಹೆಂಡ್ತಿಗೆ ಹಾಸಿಗೆ ಮುಗಿದ್ರೂ ಕಾಲು ಮುಗಿಯಲ್ವಲ್ಲೋ! ಉಳಿದ ಕಾಲನ್ನ ಆ ಕಪಾಟಲ್ಲಿ ಬಾವುಟದ ಜೊತೆ ಸುತ್ತಿಡ್ತೀಯಾ?”

ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನು ಹೆಡ್ಲಿ. ನಾನು ಹಿಂದೆ ತಿರುಗಿದರೆ, ಥರ್ಜಾ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಅವಳೂ ನಕ್ಕಳು. ಚಹಾ ಕೊಟ್ಟಳು. ಆಮೇಲೆ ತಲೆ ತಗ್ಗಿಸಿಕೊಂಡು ಮನೆಯ ಕಡೆ ನಡೆದಳು. ಆ ಮಾತನ್ನು ಅವಳು ಮತ್ತೆ ನನ್ನ ಹತ್ತಿರ ಎತ್ತಲಿಲ್ಲ. ಅವನ ಹತ್ತಿರವೂ ಎತ್ತಲಿಲ್ಲ.

ನಾನು ಅಂದೇ ಸಂಜೆ ಹೋಗಿ ಸರಿಮಾಡಬಹುದಿತ್ತು. ನಾಳೆ ಎಂದುಕೊಂಡೆ. ನಾಳೆ ಎನ್ನುವುದು ಹದಿನೇಳು ಬೇಸಿಗೆಯಾಯಿತು. ಅಷ್ಟೂ ಬೇಸಿಗೆ ಅವಳು ಆ ಐದು ಅಡಿ ಐದು ಇಂಚಿನಲ್ಲಿ ಮಡಚಿಕೊಂಡು ಮಲಗಿ, ಬೆಳಗ್ಗೆ ಎದ್ದು ಚುಕ್ಕಾಣಿ ಹಿಡಿದು ನೆಟ್ಟಗೆ ನಿಂತಳು. ಎರಡು ಸಲ ಸಮುದ್ರ ದಾಟಿ ಫ್ರೆಂಚರ ಬ್ರಿಟನಿ ತೀರಕ್ಕೂ ಹೋಗಿ ಬಂದಳು. ಮೆಟ್ಟಿಲು ಹತ್ತುವಾಗ ಒಂದು ಕೈ ಮಂಡಿಯ ಮೇಲೆ ಬರತೊಡಗಿತು. ಆಮೇಲೆ ಎರಡೂ ಕೈ. ಕೊನೆಗೊಂದು ಬೇಸಿಗೆ, “ಈ ವರ್ಷ ನೀನೊಬ್ನೇ ಹೋಗು,” ಎಂದಳು. ಡಾಕ್ಟರು ವಯಸ್ಸಿನ ಸವೆತ ಎಂದರು. ಹಾಗೇ ಇರಬಹುದು. ಆ ಮಾತನ್ನು ನಂಬಿಕೊಂಡು ನೆಮ್ಮದಿಯಾಗಿರಲು ನಾನು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ.

ಹೆಡ್ಲಿ ಎರಡು ಬೇಸಿಗೆ ಒಬ್ಬನೇ ಹೋದ. ವಾರಕ್ಕೆಂದು ಹೊರಟವನು ಮೂರನೆಯ ದಿನಕ್ಕೇ ವಾಪಸು ಬರುತ್ತಿದ್ದ.

“ಒಬ್ನೇ ಇದ್ರೆ ದೋಣಿ ತುಂಬಾ ದೊಡ್ಡದಾಗುತ್ತೆ ಕಣೇ ಹೆಟ್ಟಿ,” ಎಂದ ಒಮ್ಮೆ. ಹೆಸ್ಟರ್ ಎನ್ನುವ ನನ್ನ ಹೆಸರು ಅವನ ಬಾಯಲ್ಲಿ ಹೆಟ್ಟಿ. ಒಂದೊಂದು ಇಂಚಿಗೂ ಬಡಿದಾಡಿದವನ ಬಾಯಲ್ಲಿ ಬಂದ ಮಾತು ಅದು.

ಮಾರುತ್ತೇನೆಂದು ಬೋರ್ಡು ತಗುಲಿಸಿದ. ಟ್ರೂರೋದಿಂದ ಗಂಡ ಹೆಂಡತಿ ನೋಡಲು ಬಂದರು. ನಾನೂ ಅಲ್ಲೇ ಇದ್ದೆ. ಆ ಹೆಂಗಸು ಎಲ್ಲ ಕಪಾಟು ತೆರೆದು ನೋಡಿ ಬೆರಗಾದಳು. ಥರ್ಜಾಳ ಬರ್ತ್ ಮೇಲೆ ಕೈಯಾಡಿಸಿ, “ಎಷ್ಟು ಮುದ್ದಾಗಿದೆ! ಮಗೂಗೆ ಅಂತ ಮಾಡ್ಸಿದ್ದಾ?” ಎಂದು ಕೇಳಿದಳು.

ಹೆಡ್ಲಿಗೆ ಮಕ್ಕಳಿಲ್ಲ. ಅವನು ಆ ಬರ್ತ್‌ನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಣ್ಣು ಹಾಯಿಸಿದ. ಆಮೇಲೆ, “ಕ್ಷಮಿಸಿ, ದೋಣಿ ಮಾರಾಟಕ್ಕಿಲ್ಲ,” ಎಂದು ಅವರನ್ನು ಕಳಿಸಿಬಿಟ್ಟ. ಜೇಬಿನಿಂದ ಟೇಪು ತೆಗೆದು ಅಳೆದ. ತಾನೇ ಮಾಡಿದ್ದನ್ನು ಎರಡು ಸಲ ಅಳೆದ.

“ಅವತ್ತು ನೀನು ತಮಾಷೆ ಮಾಡಿದ್ಯಲ್ಲ ಹೆಟ್ಟಿ, ಹಾಸಿಗೆ ಮುಗಿದ್ರೂ ಕಾಲು ಮುಗಿಯಲ್ಲ ಅಂತ. ತಮಾಷೆಗೆ ನಿಂಗೆ ಹೊಳೆದಿದ್ದು, ಪಕ್ಕದಲ್ಲೇ ಮಲಗಿದ್ದ ನಂಗೆ ಹೊಳೀಲಿಲ್ಲ ನೋಡು.”

ನಾನು “ಹೂಂ” ಎಂದೆ. ಆಡಬಾರದ ಕಡೆ ಆಡಿದ ನಾಲಿಗೆ ಆಡಬೇಕಾದ ಕಡೆ ಹೂತುಹೋಯಿತು.

ಆ ಚಳಿಗಾಲವಿಡೀ ಹೆಡ್ಲಿ ದೋಣಿಯೊಳಗೇ ಇದ್ದ. ಕಪಾಟನ್ನು ಒಡೆದುಹಾಕಿದ. ನಕಾಶೆ, ಬಾವುಟ, ದೀಪ ಎಲ್ಲ ಮನೆಯ ಅಟ್ಟ ಸೇರಿದವು. ಕಪಾಟಿನ ಆಚೆಯ ಹಲಗೆಯನ್ನೂ ಮೂರು ಇಂಚು ಹಿಂದಕ್ಕೆ ಸರಿಸಿದ್ದರಿಂದ ಬರ್ತ್ ಆರು ಅಡಿ ಎರಡು ಇಂಚು ಆಯಿತು. ಮೇ ತಿಂಗಳಲ್ಲಿ ಥರ್ಜಾಳನ್ನು ಕರೆದುಕೊಂಡು ಬಂದ. ಅವಳು ಬೆನ್ನು ಒಳಗೆ ಮಾಡಿ, ಒಂದೊಂದೇ ಮೆಟ್ಟಿಲು ಇಳಿದಳು. ಕೆಳಗೆ ಹೆಡ್ಲಿ, ಮೇಲೆ ನಾನು ಮತ್ತು ಪಕ್ಕದ ದೋಣಿಯ ಮುದುಕ ಅವಳ ರಟ್ಟೆ ಹಿಡಿದಿದ್ದೆವು. ನಾನೂ ಅವಳ ಹಿಂದೆಯೇ ಇಳಿದೆ. ಹೆಡ್ಲಿ ಅವಳ ಬೂಟು ಬಿಚ್ಚಿದ. ಅವಳು ಮಲಗಿದಳು. ಮೊದಲು ರೂಢಿಯಂತೆ ಮಂಡಿ ಮೇಲಕ್ಕೆ ಬಂತು. ಆಮೇಲೆ ನಿಧಾನವಾಗಿ ಒಂದು ಕಾಲು ಚಾಚಿದಳು, ಮತ್ತೆ ಇನ್ನೊಂದು.

“ಸರಿಯಾಗಿದೆ ಹೆಡ್ಲಿ.”

“ಸೋಮವಾರದಿಂದ ಗಾಳಿ ಪೂರ್ವಕ್ಕೆ ತಿರುಗುತ್ತಂತೆ. ಸಿಲ್ಲಿಗೆ ಹೋಗೋಣ್ವಾ?”

“ಇಲ್ಲಿ ಕೆಸರಿನ ಮೇಲೆ ನಿಂತಿರೋ ದೋಣಿಗೆ ಇಳಿಸೋಕೇ ಮೂರು ಜನ ಬೇಕಾಯ್ತು. ಸಮುದ್ರದಲ್ಲಿ ಅಲೆ ಇಳಿಸುತ್ತಾ ನನ್ನ? ಮಾರ್ಬಿಡು. ಉದ್ದ ಇರೋರಿಗೆ ಮಾರು.”

ಹೆಡ್ಲಿ ಅವಳ ಪಾದ ಹಿಡಿದುಕೊಂಡು ಕೂತ. “ಇಷ್ಟು ವರ್ಷದಲ್ಲಿ ಒಂದೇ ಒಂದ್ ಸಲ ನಂಗೆ ಹೇಳ್ಬಾರ್ದಿತ್ತಾ ಥರ್ಜಾ?”

“ಹೇಳಿ ಕಳಿಸಿದ್ದೆ,” ಎಂದಳು ಅವಳು, ಸೂರು ನೋಡುತ್ತಾ.

“ಯಾರ ಹತ್ರ?”

ಅವಳು ನಾನಿದ್ದ ಕಡೆ ತಿರುಗಿಯೂ ನೋಡಲಿಲ್ಲ. ಆ ಪುಟ್ಟ ದೋಣಿಯಲ್ಲಿ ಮುಖ ಮರೆಸಿಕೊಳ್ಳಲು ಎಲ್ಲೂ ಜಾಗವಿರಲಿಲ್ಲ.

“ನನ್ ಹತ್ರ,” ಎಂದೆ.